ಹತ್ತಿ ಸುಗ್ಗಿಯಲ್ಲಿ ಬಾಯಿ ಕಟ್ಟಿದ ಫೋನ್

ರಾಯಚೂರಿನ ಕೃಷಿ ಮಾರುಕಟ್ಟೆ ರಾಜೇಂದ್ರ ಗಂಜ್‌ನಲ್ಲಿ ನಾನು, ರೈತರ ಮಾಲು ಮಾರಿಸಿಕೊಡುವ ಅಡತ್ ಅಂಗಡಿಯೊಂದರ ಗುಮಾಸ್ತ. ಗುಮಾಸ್ತನೆಂದರೆ ಲೆಕ್ಕ ಬರೆಯುವವನು ಎಂದು ಊರವರು ತಿಳಿದಿದ್ದಾರೆ. ಲೆಕ್ಕವನ್ನು ಈಗ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನನಗೆ ಸಂಬಳ ಸಿಗುವುದು ಮಾತಿಗೆ. ದೇವದುರ್ಗ, ಸಿರವಾರ, ಮಾನ್ವಿ ಕಡೆ ಹತ್ತಿ ಬಿಡಿಸುವುದು ಶುರುವಾಯಿತೆಂದರೆ ಹಲ್ಲುಜ್ಜುವ ಹೊತ್ತಿಗೇ ಕರೆಗಳು ಆರಂಭ. ನಿನ್ನೆ ಧಾರಣೆ ಎಷ್ಟಾಯಿತು? ಇವತ್ತು ತಂದರೆ ಇಳಿಸಲು ಜಾಗವಿದೆಯೇ? ಮಾರಾಟದ ಪಟ್ಟಿಯ ಹಣ ಬ್ಯಾಂಕಿಗೆ ಬಿತ್ತೇ? ಉತ್ತರ ಎರಡು ಮಾತಿನಲ್ಲಿ ಮುಗಿಯುತ್ತದೆ, ಆದರೆ ಆ ಎರಡು ಮಾತು ಗಟ್ಟಿಯಾಗಿ, ತಡವಿಲ್ಲದೆ ಬರಬೇಕು. ಗಂಜ್‌ನಲ್ಲಿ ತಡವರಿಸಿದವನನ್ನು ಯಾರೂ ನಂಬುವುದಿಲ್ಲ.

2024ರ ಡಿಸೆಂಬರಿನಲ್ಲಿ, ಆವಕ ಜೋರಾಗಿದ್ದ ವಾರದಲ್ಲೇ, ಚಾರ್ಜಿಗೆ ಹಾಕಿ ಮಲಗಿದ್ದ ನನ್ನ ಫೋನ್ ರಾತ್ರಿ ತಾನಾಗಿಯೇ ಅಪ್‌ಡೇಟ್ ಆಯಿತು. ಬೆಳಿಗ್ಗೆ ನೋಡಿದರೆ ಗಡಿಯಾರದ ಅಂಕಿಗಳು ದಪ್ಪಗಾಗಿದ್ದವು, ಗುಂಡಿಗಳ ಮೂಲೆ ದುಂಡಗಾಗಿದ್ದವು. ಅಷ್ಟೇ ಎಂದುಕೊಂಡೆ. ಮೊದಲ ಕರೆ ಬಂತು. "ಹಲೋ" ಎಂದೆ. ಆ ಕಡೆಯವರೂ "ಹಲೋ" ಎಂದರು. ನಾನು ಮತ್ತೆ ಹೇಳಿದೆ, ಅವರೂ ಮತ್ತೆ ಹೇಳಿದರು. ಅವರ ಹಲೋಗಳಲ್ಲಿ ಮೊದಲು ಪ್ರಶ್ನೆಯಿತ್ತು, ಆಮೇಲೆ ಸಿಟ್ಟು ಬಂತು, ಕೊನೆಗೆ ಕರೆ ಕತ್ತರಿಸಿತು. ಮುಂದಿನ ಕರೆಯಲ್ಲೂ ಹಾಗೇ. ಅವರ ಮನೆಯ ಕೋಳಿ ಕೂಗುವುದೂ ನನಗೆ ಕೇಳುತ್ತದೆ, ನನ್ನ ಒಂದು ಅಕ್ಷರವೂ ಅವರಿಗೆ ಮುಟ್ಟುವುದಿಲ್ಲ.

ಟವರ್ ತೊಂದರೆ ಇರಬಹುದೆಂದು ಎಲ್ಲರೂ ಹೇಳಿದರು. ನಮ್ಮಲ್ಲಿ ಫೋನಿನ ಯಾವ ಕಾಯಿಲೆಗೂ ಮೊದಲ ಹೆಸರು ಟವರ್. ಸಿಮ್ ತೆಗೆದು ಪಕ್ಕದ ಅಂಗಡಿಯವನ ಫೋನಿಗೆ ಹಾಕಿ ಮಾತನಾಡಿದೆ; ದನಿ ಚೆನ್ನಾಗಿಯೇ ಹೋಯಿತು. ಟವರ್ ಬಿಡುಗಡೆಯಾಯಿತು.

ಇದರಲ್ಲಿ ನನಗೆ ಹೊಸದಾಗಿ ಕಂಡದ್ದು ಜನರ ಮಾತು. ತಮ್ಮ ಮಾತು ಎದುರಿನವನಿಗೆ ಮುಟ್ಟುತ್ತಿಲ್ಲ ಎಂದು ತಿಳಿದೊಡನೆ ಮನುಷ್ಯ ತನ್ನ ಪಕ್ಕದಲ್ಲಿರುವವರ ಕಡೆ ತಿರುಗುತ್ತಾನೆ, ಫೋನ್ ಮಾತ್ರ ಕೈಯಲ್ಲೇ ಇರುತ್ತದೆ. ಲಿಂಗಸುಗೂರಿನಲ್ಲಿರುವ ಅಕ್ಕ ಕರೆ ಮಾಡಿದವಳು, ನನ್ನ ದನಿ ಬಾರದಿದ್ದಾಗ, "ಮನೆಯಲ್ಲಿ ಏನೋ ಆಗಿದೆ, ಅದಕ್ಕೇ ಬಾಯಿ ಬಿಡುತ್ತಿಲ್ಲ" ಎಂದು ಭಾವನಿಗೆ ಹೇಳಿದಳು. ಭಾವ, "ಸಾಲ ಕೇಳುವವನಿರಬೇಕು, ನಾಚಿಕೆ ಬಂದಿರಬೇಕು" ಎಂದರು. ಇಷ್ಟು ವರ್ಷಗಳಲ್ಲಿ ಭಾವನ ಬಾಯಿಂದ ನನ್ನ ಬಗ್ಗೆ ಕೇಳಿದ ಅತಿ ಪ್ರಾಮಾಣಿಕ ಅಭಿಪ್ರಾಯ ಅದು.

ರೈತರದು ಬೇರೆ ಬಗೆ. ಆ ವರ್ಷ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 7,521 ರೂಪಾಯಿ. ಬೆಂಬಲ ಬೆಲೆಗೆ ಭಾರತೀಯ ಹತ್ತಿ ನಿಗಮ ಕೊಳ್ಳುತ್ತದೆ, ಆದರೆ ತೇವಾಂಶ ಶೇಕಡಾ 8 ದಾಟಿದರೆ ಬೆಲೆ ಕಡಿತ, 12 ದಾಟಿದರೆ ಹತ್ತಿಯನ್ನೇ ಮುಟ್ಟುವುದಿಲ್ಲ. ಒಣಗಿಸಲು ಅಂಗಳವಿಲ್ಲದವರು, ಗೊಬ್ಬರದ ಅಂಗಡಿಯ ಬಾಕಿ ತಲೆಯ ಮೇಲಿರುವವರು ನಮ್ಮ ಹತ್ತಿರ ಬರುತ್ತಾರೆ. ದೇವದುರ್ಗ ಕಡೆಯ ಗೌಡರೊಬ್ಬರು ಹಾಗೆಯೇ ಬಂದಿದ್ದರು. ಹಸಿ ಹತ್ತಿ ಇಳಿಸಿ, ಊರಲ್ಲಿ ಮದುವೆಯಿದೆ, ಧಾರಣೆ ಗೊತ್ತಾದ ಮೇಲೆ ಫೋನ್ ಮಾಡು, ಆಮೇಲೆ ಕೊಡುವುದೋ ಇಡುವುದೋ ಹೇಳುತ್ತೇನೆ ಎಂದು ಬಸ್ಸು ಹತ್ತಿದ್ದರು. ಇ-ಟೆಂಡರ್‌ನಲ್ಲಿ ಖರೀದಿದಾರರು ಬರೆದ ದರಗಳಲ್ಲಿ ಹೆಚ್ಚಿನದು ಪ್ರಕಟವಾದ ಮೇಲೂ ಒಪ್ಪುವ, ಬಿಡುವ ಹಕ್ಕು ರೈತನದೇ. ಆದರೆ ಒಪ್ಪಿಗೆಗೆ ಕಾಯುವ ಹೊತ್ತಿಗೆ ಮಿತಿಯಿದೆ.

ಮಧ್ಯಾಹ್ನ ದರ ಬಂತು. ಬೆಂಬಲ ಬೆಲೆಗಿಂತ ಕಡಿಮೆಯೇ, ಆದರೆ ಹಸಿ ಹತ್ತಿಗೆ ಕೆಟ್ಟದ್ದಲ್ಲ. ಕರೆ ಮಾಡಿದೆ.

"ಹೇಳು ತಮ್ಮಾ, ಎಷ್ಟಾಯಿತು?"

ಹೇಳಿದೆ. ಗಂಟಲು ಹರಿಯುವಂತೆ ಹೇಳಿದೆ. ಅಂಗಡಿಯಲ್ಲಿದ್ದ ಸಾಹುಕಾರರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಗೌಡರ ಕಡೆ ಮದುವೆಯ ವಾಲಗ, ಮಕ್ಕಳ ಗದ್ದಲ. ಅವರು ಯಾರಿಗೋ ಹೇಳುತ್ತಿದ್ದರು: "ಫೋನ್ ಎತ್ತಿದ್ದಾನೆ, ಉಸಿರು ಬಿಡುತ್ತಿಲ್ಲ. ಧಾರಣೆ ಬಿದ್ದಿರಬೇಕು. ಹೇಳಲು ಅವನಿಗೂ ಬಾಯಿ ಬರುತ್ತಿಲ್ಲ." ಇನ್ನೊಂದು ದನಿ, "ಅಡತ್‌ನವರಿಗೆ ಬಾಯಿ ಬರುವುದಿಲ್ಲವೇ! ಕೊಟ್ಟುಬಿಟ್ಟು ಆಮೇಲೆ ಕಡಿಮೆ ಹೇಳುವ ಉಪಾಯ" ಎಂದಿತು. ಗೌಡರು ನಕ್ಕರು. ನನ್ನ ಪರವಾಗಿ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ನಾಲ್ಕು ಸುಗ್ಗಿಗಳಿಂದ ಅವರ ಪಟ್ಟಿ ಬರೆದವನು ನಾನು.

ಅಂಗಡಿಯ ಸ್ಥಿರ ದೂರವಾಣಿಯಿಂದ ಮಾಡಿದರೆ ಎತ್ತಲಿಲ್ಲ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ಹಣ ಕೀಳುವವರ ಸುದ್ದಿ ದಿನವೂ ಬರುತ್ತಿದ್ದ ಕಾಲ. ಗುರುತಿಲ್ಲದ ಸಂಖ್ಯೆಯನ್ನು ಎತ್ತಬೇಡಿ ಎಂದು ರೈತರಿಗೆ ಹೇಳಿಕೊಟ್ಟವರಲ್ಲಿ ನಾವೂ ಇದ್ದೆವು. ಗೌಡರದು ಕೀಪ್ಯಾಡ್ ಫೋನ್, ಕನ್ನಡದ ಸಂದೇಶ ಅದರಲ್ಲಿ ಚೌಕಗಳ ಸಾಲಾಗಿ ಕಾಣುತ್ತದೆ. ಕೊನೆಗೆ ಹಮಾಲರ ಚಾಚಾನ ಸಂಖ್ಯೆ ಗೌಡರಲ್ಲಿದೆ ಎಂದು ನೆನಪಾಗಿ ಆತನ ಫೋನಿನಿಂದ ಮಾಡಿದಾಗ ಮೊದಲ ರಿಂಗಿಗೇ ಎತ್ತಿದರು, ಕೊಡು ಎಂದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಲಾಟ್ ಮರುದಿನದ ಟೆಂಡರ್‌ಗೆ ಹೋಯಿತು. ರಾತ್ರಿ ಕಳೆದರೆ ಹಸಿ ಹತ್ತಿಯ ತೂಕ ಇಳಿಯುತ್ತದೆ, ಮರುದಿನ ಖರೀದಿದಾರ ದರವನ್ನೂ ಸ್ವಲ್ಪ ಇಳಿಸಿಯೇ ಬರೆದ. ವ್ಯತ್ಯಾಸದ ಹಣವನ್ನು ಸಾಹುಕಾರರು ಗೌಡರಿಗೆ ಕಟ್ಟಿಕೊಟ್ಟರು. ಯಾವ ಖಾತೆಗೆ ಬರೆಯಲಿ ಎಂದು ಕೇಳಿದೆ. "ಧರ್ಮದ ಖಾತೆಗೆ ಬರೆ. ನಿನ್ನ ಫೋನಿಗೆ ಶಾಂತಿ ಮಾಡಿಸಿದೆವು ಎಂದುಕೊಳ್ಳೋಣ" ಎಂದರು.

ಸಂಜೆ ತೀನ್ ಕಂದಿಲ್ ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಗಂಜ್‌ನವನು ಎಂದು ಗೊತ್ತಾದೊಡನೆ ಹುಡುಗ ತೀರ್ಪು ಕೊಟ್ಟ: "ಮೈಕಿನ ತೂತಿನಲ್ಲಿ ಹತ್ತಿಯ ಎಳೆ ಸೇರಿದೆ." ಕೇಳಲು ಸರಿಯಾಗಿಯೇ ಇತ್ತು, ನಮ್ಮ ಮೂಗಿನಲ್ಲೇ ಹತ್ತಿ ಇರುತ್ತದೆ, ಫೋನ್ ಯಾವ ಲೆಕ್ಕ! ಅವನು ಸಿಮ್ ತೆಗೆಯುವ ಸೂಜಿಯನ್ನು ಎತ್ತಿಕೊಂಡ. ನಾನು ಫೋನ್ ಹಿಂದಕ್ಕೆ ಎಳೆದುಕೊಂಡೆ. ಆ ತೂತಿನ ಒಳಗೆ ಜಾಲರಿ, ಅದರ ಹಿಂದೆ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಮೈಕ್, ಅದರೊಳಗೆ ನಡುಗುವ ಬಹು ತೆಳುವಾದ ಪೊರೆ. ಸೂಜಿ ತಾಗಿದರೆ ಆ ಪೊರೆ ಹರಿಯುತ್ತದೆ. ಹಾಗಾದರೆ ಚಾರ್ಜಿಂಗ್ ಬೋರ್ಡ್ ಬದಲಿಸೋಣ ಎಂದ. ಅನೇಕ ಫೋನ್‌ಗಳಲ್ಲಿ ಕೆಳಗಿನ ಮೈಕ್ ಚಾರ್ಜಿಂಗ್ ಕಿಂಡಿಯಿರುವ ಸಣ್ಣ ಬೋರ್ಡಿನ ಮೇಲೆಯೇ ಕುಳಿತಿರುತ್ತದೆ, ಆದ್ದರಿಂದ ಮೈಕ್ ಕೆಟ್ಟರೆ ಇಡೀ ಬೋರ್ಡ್ ಹೋಗುತ್ತದೆ. ಮಾತು ಸುಳ್ಳಲ್ಲ. ಆದರೆ ಮೈಕ್ ಕೆಟ್ಟಿದೆಯೇ ಎಂದು ಯಾರೂ ನೋಡಿರಲಿಲ್ಲ. ಅಲ್ಲಿಯೇ ಧ್ವನಿ ಮುದ್ರಿಸುವ ಆ್ಯಪ್ ತೆರೆದು "ಒಂದು, ಎರಡು, ಮೂರು" ಎಂದು ಮುದ್ರಿಸಿ ಅವನಿಗೆ ಕೇಳಿಸಿದೆ. ಗಂಟೆ ಹೊಡೆದಂತೆ ಕೇಳಿತು. ವಾಟ್ಸ್ಆ್ಯಪ್‌ನ ಧ್ವನಿ ಸಂದೇಶವೂ ಸ್ಪಷ್ಟ. ಮೈಕ್ ಸತ್ತಿದ್ದರೆ ಇವು ಎಲ್ಲಿಂದ ಬಂದವು? ಹುಡುಗ ಭುಜ ಕುಣಿಸಿ ಮುಂದಿನ ಗಿರಾಕಿಯ ಕಡೆ ತಿರುಗಿದ.

ಸೆಟ್ಟಿಂಗ್‌ಗಳ ಕಾಡಿನಲ್ಲಿ ಅಲೆದದ್ದನ್ನು ಉದ್ದ ಮಾಡುವುದಿಲ್ಲ. 2021ರಲ್ಲಿ ಆಂಡ್ರಾಯ್ಡ್ 12 ಬಂದಂದಿನಿಂದ ಇಡೀ ಫೋನಿನ ಮೈಕನ್ನು ಒಂದೇ ಏಟಿಗೆ ಮುಚ್ಚುವ ಗುಂಡಿಯೊಂದು ಮೇಲಿನಿಂದ ಎಳೆಯುವ ಪಟ್ಟಿಯಲ್ಲಿದೆ. ಮೈಕ್ ತೆರೆದೇ ಇತ್ತು. ಬ್ಲೂಟೂತ್ ಬಂದ್ ಮಾಡಿದ್ದೆ. ಸೇಫ್ ಮೋಡ್‌ನಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳೆಲ್ಲ ಮಲಗುತ್ತವೆ. ಅಲ್ಲಿಯೂ ಅದೇ ಮೌನ. ನೆಟ್‌ವರ್ಕ್ ಸೆಟ್ಟಿಂಗ್ ಅಳಿಸಿ ನೋಡಿದೆ, ಅದರೊಂದಿಗೆ ಅಂಗಡಿಯ ವೈಫೈ ಪಾಸ್‌ವರ್ಡ್ ಹೋಯಿತು. ಅದು ಗೊತ್ತಿದ್ದದ್ದು ಬೆಂಗಳೂರಿನಲ್ಲಿ ಓದುವ ಸಾಹುಕಾರರ ಮಗನಿಗೆ ಮಾತ್ರ. ಅವನನ್ನು ಕೇಳಲು ಫೋನ್ ಮಾಡಬೇಕು!

ಬೆಳಕು ಸಿಕ್ಕಿದ್ದು ಚಾಚಾನಿಂದ. ಆತ ಓದಿದವನಲ್ಲ, ಆದರೆ ತಕ್ಕಡಿಯ ಮುಂದೆ ಬದುಕು ಕಳೆದವನು. ಯಾವುದನ್ನಾದರೂ ಎರಡು ಸಲ ತೂಗದೆ ನಂಬುವುದಿಲ್ಲ. "ಕೇಳುವುದಿಲ್ಲ ಎನ್ನುತ್ತೀಯ. ಎಲ್ಲಿ ಕೇಳುವುದಿಲ್ಲ, ಯಾವಾಗ ಕೇಳುವುದಿಲ್ಲ? ನಾನು ಆ ತುದಿಯಲ್ಲಿ ನಿಲ್ಲುತ್ತೇನೆ, ಕೇಳಿದಾಗ ಟವೆಲ್ ಎತ್ತುತ್ತೇನೆ" ಎಂದ. ಪ್ರಾಂಗಣದ ಆ ತುದಿಗೆ ಹೋಗಿ, ಹತ್ತಿ ತುಂಬಿದ ಅಂಡಿಗೆಗಳ ಸಾಲಿನ ಹಿಂದೆ ನಿಂತ. ನಾನು ಫೋನ್ ಕಿವಿಗಿಟ್ಟು ಮಾತನಾಡುತ್ತಲೇ ಹೋದೆ: ಧಾರಣೆ, ಊರಿನ ಹೆಸರು, ಹಮಾಲಿ ಲೆಕ್ಕ, ಬಾಯಿಗೆ ಬಂದದ್ದು. ಟವೆಲ್ ಏಳಲಿಲ್ಲ. ಸ್ಪೀಕರ್ ಹಾಕಿದೆ, ಟವೆಲ್ ಎದ್ದಿತು. ಸ್ಪೀಕರ್ ತೆಗೆದೆ, ಇಳಿಯಿತು. ಹಳೆಯ ತಂತಿಯ ಇಯರ್‌ಫೋನ್ ಚುಚ್ಚಿದೆ, ಎದ್ದಿತು. ಸುತ್ತಲಿನ ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಗುಡುಗುತ್ತಿದ್ದ ಟ್ರ್ಯಾಕ್ಟರನ್ನು ಚಾಲಕ ಆರಿಸಿದ. ಆಗ ಫೋನ್ ಕಿವಿಯಲ್ಲೇ ಇತ್ತು, ಇಯರ್‌ಫೋನ್ ತೆಗೆದಾಗಿತ್ತು. ಚಾಚಾನ ಟವೆಲ್ ಅರ್ಧಕ್ಕೆ ಎದ್ದು, ಅಲುಗಾಡಿ, ನಿಂತಿತು. ಓಡಿ ಬಂದು, "ಬಂತು, ಬಾವಿಯೊಳಗಿಂದ ಬಂದ ಹಾಗೆ ಬಂತು" ಎಂದ.

ಅಲ್ಲಿಗೆ ಗಂಟು ಬಿಚ್ಚತೊಡಗಿತು. ಈಗಿನ ಫೋನ್‌ಗಳಲ್ಲಿ ಮೈಕ್ ಒಂದೇ ಇರುವುದಿಲ್ಲ. ಬಾಯಿಯ ಹತ್ತಿರ ಕೆಳಗೊಂದು, ತಲೆಯ ಕಡೆ ಮೇಲೊಂದು. ಫೋನ್ ಕಿವಿಯಲ್ಲಿರುವಾಗ ಕೆಳಗಿನದಕ್ಕೆ ನಮ್ಮ ದನಿ ಜೋರಾಗಿ, ಮೇಲಿನದಕ್ಕೆ ಮೆಲ್ಲಗೆ ಕೇಳುತ್ತದೆ. ಸುತ್ತಲಿನ ಗದ್ದಲ ಮಾತ್ರ ಎರಡಕ್ಕೂ ಸರಿಸುಮಾರು ಸಮ. ಒಳಗಿನ ತಂತ್ರಾಂಶ ಎರಡನ್ನೂ ಹೋಲಿಸಿ, ಸಮವಾಗಿರುವುದನ್ನು ಗದ್ದಲವೆಂದು ಅಳಿಸಿ, ಉಳಿದದ್ದನ್ನು ಆ ಕಡೆಗೆ ಕಳಿಸುತ್ತದೆ. ಹೊಸ ಅಪ್‌ಡೇಟ್ ಈ ಅಳತೆಯನ್ನೇ ಕೆಡಿಸಿತ್ತು ಎಂಬುದು ನನ್ನ ತೀರ್ಮಾನ. ಕೇರುವವಳು ಹೊಟ್ಟಿನ ಜೊತೆ ಕಾಳನ್ನೂ ಹಾರಿಸಿಬಿಟ್ಟರೆ ಮೊರದಲ್ಲಿ ಏನು ಉಳಿಯಬೇಕು? ಧ್ವನಿ ಮುದ್ರಿಸುವ ಆ್ಯಪ್‌ಗೆ ಹೀಗೆ ಸೋಸುವ ಕೆಲಸ ಇಲ್ಲ, ಆದ್ದರಿಂದ ಅಲ್ಲಿ ದನಿ ಸರಿ. ಸ್ಪೀಕರ್‌ನಲ್ಲಿ ಬಾಯಿ ದೂರವಿರುವುದರಿಂದ ಲೆಕ್ಕಾಚಾರ ಬೇರೆ. ಇಯರ್‌ಫೋನ್‌ಗೆ ಅದರದೇ ಮೈಕ್. ಗದ್ದಲವಿಲ್ಲದ ಮನೆಯಲ್ಲಿ ರಾತ್ರಿ ಮಾತನಾಡಿದಾಗ ಹೆಂಡತಿಯ ತವರಿಗೆ ನನ್ನ ದನಿ ಕ್ಷೀಣವಾಗಿಯಾದರೂ ಹೋಗುತ್ತಿದ್ದದ್ದಕ್ಕೂ ಇದೇ ಕಾರಣ. ಮೇಲಿನ ಮೈಕಿಗೆ ಕವರ್ ಅಡ್ಡ ಬಂದಿರಬಹುದೇ ಎಂದು ಅದನ್ನೂ ಕಳಚಿ ನೋಡಿದೆ, ಏನೂ ಬದಲಾಗಲಿಲ್ಲ.

ಕಂಪನಿಯ ಸೇವಾ ಕೇಂದ್ರದಲ್ಲಿ ಇಷ್ಟನ್ನೂ ವಿವರಿಸಿದೆ. ಮೇಜಿನ ಹಿಂದಿದ್ದ ಹುಡುಗಿ ತಾಳ್ಮೆಯಿಂದ ಕೇಳಿ, ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಬೇಕು ಎಂದಳು. ಅಳಿಸಿದರೆ ಸರಿಹೋಗುತ್ತದೆಯೇ ಎಂದು ಕೇಳಿದೆ. ಹೋಗಬಹುದು ಎಂದಳು. ಅಳಿಸಿದ ಮೇಲೂ ಇರುವುದು ಇದೇ ಹೊಸ ಆವೃತ್ತಿಯಲ್ಲವೇ ಎಂದೆ. ಹೌದು ಎಂದಳು. ಹಳೆಯದಕ್ಕೆ ಮರಳಿಸಿ ಎಂದರೆ, ಭದ್ರತೆಯ ಕಾರಣಕ್ಕೆ ಕಂಪನಿ ಬಿಡುವುದಿಲ್ಲ ಎಂದಳು. ಕದ್ದ ಫೋನನ್ನು, ತೂತಿರುವ ಹಳೆಯ ತಂತ್ರಾಂಶಕ್ಕೆ ಇಳಿಸಿ ಬೀಗ ಒಡೆಯುವವರು ಇರುತ್ತಾರೆ ಎಂಬುದು ನಿಜ, ಅದಕ್ಕಾಗಿ ಆ ಬಾಗಿಲು ಮುಚ್ಚಿದ್ದಾರೆ ಎಂಬುದೂ ನಿಜ. ಆದರೆ ನನ್ನ ದುಡ್ಡಿನ ಫೋನಿಗೆ ರಾತ್ರಿ ನುಗ್ಗಿ ಬಾಯಿ ಹೊಲಿದವರು ಬಿಚ್ಚುವ ಜವಾಬ್ದಾರಿಯನ್ನು ಮಾತ್ರ ಮುಂದಿನ ಅಪ್‌ಡೇಟ್‌ಗೆ ಬಿಡುತ್ತಾರೆ. ಹಣ ಕೇಳಿ ಬೋರ್ಡ್ ಬದಲಿಸುತ್ತೇನೆ ಎಂದ ತೀನ್ ಕಂದಿಲ್ ಹುಡುಗನ ಮೇಲೆ ಇದಕ್ಕಿಂತ ಕಡಿಮೆ ಸಿಟ್ಟಿದೆ ನನಗೆ.

ಅಳಿಸಲಿಲ್ಲ. ಇಯರ್‌ಫೋನ್ ಕಿವಿಗೆ ಹಾಕಿಕೊಂಡೇ ಸುಗ್ಗಿಯ ಉಳಿದ ಭಾಗ ಕಳೆದೆ. ಹಮಾಲರು ನನಗೆ ಡಾಕ್ಟರ್ ಎಂದು ಹೆಸರಿಟ್ಟರು. ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಅಪ್‌ಡೇಟ್ ಬಂತು. ಅದರ ವಿವರದಲ್ಲಿ ಕರೆಯ ಗುಣಮಟ್ಟ ಸುಧಾರಿಸಲಾಗಿದೆ ಎಂಬ ಒಂದು ಸಾಲು ಇತ್ತು, ಏನು ಕೆಟ್ಟಿತ್ತೆಂದು ಒಂದಕ್ಷರವೂ ಇರಲಿಲ್ಲ. ದನಿ ಮರಳಿತು. ಗೌಡರು ಆಮೇಲೊಮ್ಮೆ ಬಂದಾಗ ಮದುವೆ ಮನೆಯಲ್ಲಿ ಅವರ ಪಕ್ಕದಲ್ಲಿ ಮಾತನಾಡಿದವರು ಯಾರು ಎಂದು ಕೇಳಿದೆ. ಅವರ ಮುಖ ನೋಡಬೇಕಿತ್ತು. "ನಿನಗೆ ಕೇಳುತ್ತಿತ್ತೇ?" ಎಂದರು. ಎಲ್ಲವೂ ಕೇಳುತ್ತಿತ್ತು, ನಕ್ಕದ್ದೂ ಕೇಳಿತು ಎಂದೆ. ಅವರು ಚಹಾ ತರಿಸಿದರು. ಗಂಜ್‌ನಲ್ಲಿ ರೈತ ಗುಮಾಸ್ತನಿಗೆ ಚಹಾ ತರಿಸುವುದು ದಿನನಿತ್ಯದ ಸಂಗತಿಯಲ್ಲ.

ಮೊನ್ನೆ ಸಾಹುಕಾರರ ಫೋನಿಗೂ ಅಪ್‌ಡೇಟ್ ಬಂದಿದೆ ಎಂಬ ಸೂಚನೆ ಬಂತು. ನನ್ನ ಕಡೆ ಫೋನ್ ಚಾಚಿ, "ಒತ್ತಲೇ?" ಎಂದು ಕೇಳಿದರು. ಭದ್ರತೆಯ ತೇಪೆಗಳೂ ಇದರಲ್ಲೇ ಬರುತ್ತವೆ, ನಿಮ್ಮ ಫೋನಿನಲ್ಲಿ ಬ್ಯಾಂಕ್ ಇದೆ, ಬಿಡಬಾರದು. ಆದರೆ ಶನಿವಾರ ರಾತ್ರಿ ಒತ್ತಿ, ಭಾನುವಾರ ವಹಿವಾಟು ಇರುವುದಿಲ್ಲ, ಏನಾದರೂ ಕೆಟ್ಟರೆ ನೋಡಿಕೊಳ್ಳಲು ಒಂದು ದಿನ ಸಿಗುತ್ತದೆ ಎಂದು ಬುದ್ಧಿ ಹೇಳಿದೆ. ಅವರು ತಲೆಯಾಡಿಸುತ್ತ ಅಲ್ಲಿಯೇ, ಮಂಗಳವಾರ ಮಧ್ಯಾಹ್ನ, ಟೆಂಡರ್ ತೆರೆಯುವ ಹೊತ್ತಿಗೆ ಒತ್ತಿದರು. ಅವರ ಫೋನಿಗೆ ಏನೂ ಆಗಲಿಲ್ಲ.