ನಾಗರಹೊಳೆಗೆ ಹೋಗುವವರೇ, ಮೊದಲು ಹಡ್ಲು ನೋಡಿ

ಹುಲಿ ಕಾಣಿಸಲಿಲ್ಲವೆಂದು ಸಫಾರಿ ಮುಗಿಸಿ ಮುಖ ಸಣ್ಣದು ಮಾಡಿಕೊಂಡು ಬರುವವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹುಲಿ ಎಲ್ಲಿರಬಹುದು ಎಂಬುದನ್ನು ಕಾಡೇ ಹೇಳುತ್ತಿರುತ್ತದೆ, ಓದಲು ಕಲಿಯಬೇಕು.

ನಾಗರಹೊಳೆ ಒಂದೇ ಬಗೆಯ ಕಾಡಲ್ಲ. ಕೊಡಗಿನ ಕಡೆ ಮತ್ತಿ, ನಂದಿ ಮರಗಳ ತೇವದ ಕಾಡು. ಪೂರ್ವಕ್ಕೆ ಬಂದಂತೆ ಒಣ ಎಲೆಯುದುರುವ ಕಾಡು. ನಡುನಡುವೆ ತೇಗದ ನೆಡುತೋಪು. ಇವುಗಳ ಮಧ್ಯೆ ಹಡ್ಲುಗಳಿವೆ. ಜೌಗು ನೆಲದ ಈ ಹುಲ್ಲುಬಯಲುಗಳಲ್ಲಿ ಬೇಸಿಗೆಯಲ್ಲೂ ಹಸಿರು ಉಳಿಯುವುದರಿಂದ ಜಿಂಕೆಗಳ ಹಿಂಡು ಅಲ್ಲಿಗೇ ಇಳಿಯುತ್ತದೆ, ಕಾಟಿಗಳೂ (ಕಾಡೆಮ್ಮೆ) ಬರುತ್ತವೆ. ಕಡವೆ ಮಾತ್ರ ಪೊದೆ ಬಿಟ್ಟು ಬರಲು ಹಿಂಜರಿಯುತ್ತದೆ. ಹೊಂಚು ಹಾಕುವ ಹುಲಿಗೆ ಮರೆ ಬೇಕು. ಆದ್ದರಿಂದ ಬಯಲಿನ ನಡುವಿಗಿಂತ ಹುಲ್ಲು ಮುಗಿದು ಪೊದೆ ಶುರುವಾಗುವ ಅಂಚಿನ ಮೇಲೆ ಕಣ್ಣಿಡಿ. ಒಮ್ಮೆ ಹಾಗೆ ಕಾಯುತ್ತಿದ್ದಾಗ ಮೇಯುತ್ತಿದ್ದ ಹೆಣ್ಣು ಜಿಂಕೆ ತಟ್ಟನೆ ತಲೆಯೆತ್ತಿ, ಬಾಲ ನಿಮಿರಿಸಿ, ಮುಂಗಾಲಿನಿಂದ ನೆಲ ಬಡಿಯಿತು. ಇಡೀ ಹಿಂಡು ಒಂದೇ ದಿಕ್ಕಿಗೆ ನೋಡಿತು. ಮರದ ಮೇಲಿಂದ ಮುಸುವ, ಅಂದರೆ ಕಪ್ಪು ಮೂತಿಯ ಕೋತಿ, ಕೂಗಿತು. ಅಲ್ಲಿದ್ದುದು ಚಿರತೆ.

ಒಂದೇ ಕಾಡಿನಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಬಾಳುವುದು ಹೇಗೆ? ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಇಲ್ಲೇ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ. ಹುಲಿಯ ಒಲವು 176 ಕಿಲೋ ಮೀರಿದ ದೊಡ್ಡ ಬೇಟೆಯತ್ತ. ಚಿರತೆ, ಸೀಳುನಾಯಿಗಳದು 30ರಿಂದ 175 ಕಿಲೋದೊಳಗಿನ ಪ್ರಾಣಿಗಳತ್ತ. ಕಾಟಿಯಿಂದ ಕಾಡುಕುರಿಯೆಂಬ ಪುಟ್ಟ ಜಿಂಕೆಯವರೆಗೆ ಎಲ್ಲ ಗಾತ್ರದ ಬೇಟೆಯೂ ಇಲ್ಲಿ ಸಿಗುವುದಕ್ಕೆ ಕಾಡಿನ ಈ ವೈವಿಧ್ಯವೇ ದೊಡ್ಡ ಕಾರಣ. ಲಂಟಾನ ಎಂಬ ಕಳೆಪೊದೆ ಹಬ್ಬಿ ಹುಲ್ಲು ನುಂಗಿದ ಕಡೆ ಜಿಂಕೆಗೆ ಮೇವೇ ಇಲ್ಲ. ಅಂಥ ಜಾಗ ಕಂಡಾಗ ಹೊಟ್ಟೆ ಉರಿಯುತ್ತದೆ.

ಎರಡು ಸಫಾರಿಗೆ ಅವಕಾಶವಿದ್ದರೆ ಒಂದನ್ನು ಕಬಿನಿ ಕಡೆಯ ದಮ್ಮನಕಟ್ಟೆಯಿಂದ, ಇನ್ನೊಂದನ್ನು ಕೊಡಗಿನ ಕಡೆಯ ನಾಣಚ್ಚಿಯಿಂದ ಮಾಡಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಮಾರ್ಚ್‌ನಿಂದ ಮೇ ಒಳ್ಳೆಯ ಕಾಲ: ಕಬಿನಿ ಹಿನ್ನೀರು ಇಳಿದು ದಡದಲ್ಲಿ ಹುಲ್ಲು ಚಿಗುರುತ್ತದೆ, ಆನೆಗಳು ಗುಂಪುಗೂಡುತ್ತವೆ. ಮಳೆಗಾಲದಲ್ಲಿ ಪ್ರಾಣಿಗಳು ಚದುರಿಹೋಗುತ್ತವೆ. ಮಾಸಲು ಬಣ್ಣದ ಬಟ್ಟೆ, ಬೈನಾಕ್ಯುಲರ್ ಸಾಕು. ಎಚ್ಚರಿಕೆಯ ಕೂಗು ಕೇಳಿದರೆ ವಾಹನದ ಎಂಜಿನ್ ನಿಲ್ಲಿಸಿ ಸ್ವಲ್ಪ ಕಾಯುವಂತೆ ಚಾಲಕರನ್ನು ಕೇಳಿಕೊಳ್ಳಿ. ಸಫಾರಿ ಕೆಲವೊಮ್ಮೆ ಸ್ಥಗಿತವಾಗುವುದುಂಟು, ಹೊರಡುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕಾಡಿನೊಳಗಿನ ರಸ್ತೆಯ ಗೇಟುಗಳನ್ನು ರಾತ್ರಿ ಮುಚ್ಚುತ್ತಾರೆ. ಕತ್ತಲಾಗುವ ಮೊದಲೇ ತಂಗುವ ಜಾಗ ಸೇರಿಕೊಳ್ಳಿ.