ಅಂಚು ಬಿರಿದ ರೊಟ್ಟಿ

ಇಂದು ಅವ್ವ ಮೊದಲ ಬಾರಿಗೆ ಮೊಬೈಲ್‌ನಲ್ಲಿ ಕರೆಂಟ್ ಬಿಲ್ ಕಟ್ಟಿದಳು. ‘ಭೇಷ್ ಅವ್ವಾ!’ ಎಂದು ಚಪ್ಪಾಳೆ ತಟ್ಟಿದೆ. ಅವಳ ಮುಖ ಸಪ್ಪಗಾಯಿತು.

ಸಂಜೆ ಅಜ್ಜಿ ರೊಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದು ಗದರಿದಳು: ‘ಅಂಚು ಬಿರಿದಿದೆ. ನಿನ್ನ ಕೈಯಿಂದ ಇಂಥ ರೊಟ್ಟಿಯೇ?’

ಅವ್ವ ನಕ್ಕಳು. ಅರವತ್ತು ದಾಟಿದ ಅವ್ವ! ಜೋಳದ ಹಿಟ್ಟಿಗೆ ನೀರು ಚಿಮುಕಿಸಿ ಮತ್ತೆ ನಾದಿದಳು, ಅಂಗೈಯಲ್ಲಿ ಬಡಿಯುತ್ತ ಬಡಿಯುತ್ತ ಹೆಂಚಿನಗಲ ಮಾಡಿದಳು. ಒಂದು ಬಿರುಕೂ ಇಲ್ಲ.

ಸುಲಭದ ಕೆಲಸಕ್ಕೆ ಹೊಗಳಿದರೆ ‘ನನ್ನಿಂದ ಇಷ್ಟೇ ಎಂದುಕೊಂಡಿದ್ದಾರೆ’ ಎಂದೂ, ತಪ್ಪಿಗೆ ಬೈದರೆ ‘ನನಗೆ ಬರುತ್ತದೆಂದು ನಂಬಿದ್ದಾರೆ’ ಎಂದೂ ದೊಡ್ಡವರು ಓದಿಕೊಳ್ಳಬಹುದೆಂದು ಜರ್ಮನಿಯ ಮನೋವಿಜ್ಞಾನಿ ವುಲ್ಫ್-ಉವೆ ಮೇಯರ್ ಮತ್ತು ಸಂಗಡಿಗರು 1979ರಲ್ಲೇ ತೋರಿಸಿದ್ದರು. ವಿಜಯಪುರದ ನಮ್ಮ ಅಡುಗೆಮನೆಯಲ್ಲಿ ನಾನು ಕಂಡದ್ದು ಇಂದು.

ಆ ಚಪ್ಪಾಳೆಯನ್ನು ಹಿಂದಕ್ಕೆ ಪಡೆಯಬೇಕೆನಿಸುತ್ತಿದೆ ಅವ್ವಾ.