ಅಲಂಗ್ ನೋಡಲು ಹೊರಡುವ ಮಂಗಳೂರಿಗರಿಗೆ

ಅಲಂಗ್ ಎಂದರೆ ಗುಜರಾತ್ ಕರಾವಳಿಯಲ್ಲಿ ಹಳೇ ಹಡಗುಗಳನ್ನು ಒಡೆಯುವ ಜಾಗ. ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಟಿಕೆಟ್ ಕೌಂಟರ್ ಇಲ್ಲ. ಹಡಗು ಒಡೆಯುವ ಪ್ಲಾಟುಗಳ ಒಳಗೆ ಕಾಲಿಡಲು ಗುಜರಾತ್ ಮಾರಿಟೈಮ್ ಬೋರ್ಡಿನ ಅನುಮತಿ ಬೇಕು, ಫೋಟೋ ತೆಗೆಯುವಂತಿಲ್ಲ. ಗೇಟಿನವರ ಹತ್ತಿರ ಚರ್ಚೆಗೆ ನಿಂತರೆ ದಿನ ಹಾಳು.

ದಾರಿ ಸುಲಭ. ಕೊಂಕಣ ರೈಲಿನಲ್ಲಿ ಸೂರತ್, ಅಲ್ಲಿಂದ ಹಜೀರಾ, ಫೆರಿ ಹತ್ತಿ ಘೋಘಾ. ಮುಂದಿನದು ಸುಮಾರು 50 ಕಿ.ಮೀ. ರಸ್ತೆ. ಫೆರಿ ಇದೆಯೋ ಇಲ್ಲವೋ ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

1983ರಿಂದ ಇಲ್ಲಿ ಹಡಗು ಒಡೆಯುತ್ತಾರೆ. ನೌಕಾಪಡೆಯ ವಿಮಾನವಾಹಕ ಹಡಗು ವಿರಾಟ್ 2020ರಲ್ಲಿ ಬಂದದ್ದೂ ಇಲ್ಲಿಗೇ. ಹಡಗು ಒಡೆಯಲು ಅಷ್ಟು ದೂರ ಯಾಕೆ, ನಮ್ಮ ಪಣಂಬೂರು ಸಾಲದೇ ಎಂದು ಕೇಳುವವರಿದ್ದಾರೆ. ಪಣಂಬೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ ಮೀಟರ್ ಆಸುಪಾಸಿನ ವ್ಯತ್ಯಾಸ. ಖಂಭಾತ್ ಕೊಲ್ಲಿಯ ಅಲಂಗ್‌ನಲ್ಲಿ ಅದು ಸುಮಾರು 10 ಮೀಟರ್. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನದ ದೊಡ್ಡ ಉಬ್ಬರಕ್ಕೆ ಖಾಲಿ ಹಡಗನ್ನು ಅದರದ್ದೇ ಇಂಜಿನಿನಲ್ಲಿ ವೇಗವಾಗಿ ದಡಕ್ಕೆ ನುಗ್ಗಿಸುತ್ತಾರೆ. ನೀರು ಇಳಿದ ಮೇಲೆ ಅದು ಕೆಸರಿನಲ್ಲಿ ಕೂತಿರುತ್ತದೆ. ಮೂತಿಯಿಂದ ಕತ್ತರಿಸುತ್ತಾ ಬರುತ್ತಾರೆ. ಹಗುರಾದಷ್ಟೂ ಮುಂದಿನ ಉಬ್ಬರಗಳಿಗೆ ವಿಂಚ್ ಹಾಕಿ ಮೇಲಕ್ಕೆ ಎಳೆಯುತ್ತಾರೆ. ಅಂದರೆ ರಜೆ ಹಾಕುವ ಮೊದಲು ಪಂಚಾಂಗ ನೋಡಬೇಕು!

ಅನುಮತಿ ಸಿಕ್ಕಿತೆನ್ನಿ. ಹೆಲ್ಮೆಟ್, ಸೇಫ್ಟಿ ಶೂ, ಉದ್ದ ತೋಳಿನ ಹತ್ತಿ ಬಟ್ಟೆ ಬೇಕೇ ಬೇಕು. ಪಾಲಿಯೆಸ್ಟರ್ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಗ್ಯಾಸ್ ಕಟಿಂಗ್ ನಡೆಯುವಲ್ಲಿ ಗಾಳಿ ಬರುವ ಬದಿಗೆ ನಿಲ್ಲಿ. ಸುಡುತ್ತಿರುವುದು ಕಬ್ಬಿಣ ಮಾತ್ರವಲ್ಲ, ಸೀಸ ಬೆರೆತ ಹಳೇ ಪೇಂಟ್ ಕೂಡ. ನೇತಾಡುವ ತುಂಡಿನ ಕೆಳಗಂತೂ ಸುಳಿಯಲೇಬೇಡಿ.

ಅತಿ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಮುಚ್ಚಿಟ್ಟ ಬಲ್ಲಾಸ್ಟ್ ಟ್ಯಾಂಕಿನ (ಹಡಗಿನ ಸಮತೋಲಕ್ಕೆ ನೀರು ತುಂಬುವ ಟ್ಯಾಂಕ್) ಗೋಡೆ ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕವನ್ನೇ ತಿಂದುಹಾಕುತ್ತದೆ. ಹೊರಗೆ 20.9 ಶೇಕಡಾ ಇರುವುದು 19.5ಕ್ಕಿಂತ ಕಡಿಮೆಯಾದರೆ ಟ್ಯಾಂಕಿನೊಳಗೆ ಇಳಿಯಬಾರದು. ಆಮ್ಲಜನಕ ಇನ್ನೂ ತೀರಾ ಕಡಿಮೆಯಾಗಿದ್ದರೆ ಉಸಿರುಗಟ್ಟಿದ ಅನುಭವವೂ ಆಗದೆ ಪ್ರಜ್ಞೆ ತಪ್ಪುತ್ತದೆ. ಮೂಗಿನ ಮಾಸ್ಕ್ ಧೂಳನ್ನು ತಡೆದೀತು, ಆಮ್ಲಜನಕ ಕೊಡಲಾರದು. ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಮೀಟರ್ ಇಟ್ಟು ಅಳೆಯದ ಟ್ಯಾಂಕಿಗೆ ತಲೆ ಹಾಕಿ ಇಣುಕುವುದೂ ಬೇಡ.

ನನ್ನ ಕೇಳಿದರೆ, ಪ್ರವಾಸಿಗೆ ನಿಜವಾದ ಅಲಂಗ್ ಗೇಟಿನ ಹೊರಗಿದೆ. ರಸ್ತೆಯುದ್ದಕ್ಕೂ ಹಡಗಿನ ಗುಜರಿ ಅಂಗಡಿಗಳು: ಪಿಂಗಾಣಿ, ಸ್ಟೀಲ್ ಪಾತ್ರೆ, ಕುರ್ಚಿ, ಹಾಸಿಗೆ, ಜನರೇಟರ್. ಪಾತ್ರೆ ಧಾರಾಳವಾಗಿ ತನ್ನಿ. ಕ್ಯಾಬಿನ್ನಿನ ಗೋಡೆ ಹಲಗೆ ಎಷ್ಟೇ ಅಗ್ಗವಾದರೂ ಬೇಡ, ಹಳೇ ಹಡಗಿನದಾದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಡ್ರಿಲ್ ಹಾಕಿದಿರೋ, ಎಳೆಗಳು ನೇರ ಶ್ವಾಸಕೋಶಕ್ಕೆ. ಮಲ್ಪೆಯ ಬೋಟಿಗಾಗುತ್ತದೆ ಎಂದು ಲೈಫ್ ಜಾಕೆಟ್ ಕೊಳ್ಳುವವರೂ ಇದ್ದಾರೆ. ಹಳೇ ಫೋಮ್ ಎಷ್ಟು ತೇಲಿಸುತ್ತದೆ ಎಂಬುದಕ್ಕೆ ಅಂಗಡಿಯವನ ಮಾತೇ ಗ್ಯಾರಂಟಿ, ಬಿಟ್ಟುಬಿಡಿ. ಮೋಟಾರ್ ಆದರೆ ನೇಮ್ ಪ್ಲೇಟ್ ಓದಿ. ಹಡಗಿನ ಕರೆಂಟ್ ಬಹುತೇಕ 440 ವೋಲ್ಟ್, 60 ಹರ್ಟ್ಸ್, ನಮ್ಮದು 50. ಇಲ್ಲಿ ಹಾಕಿದರೆ ವೇಗ ಆರರಲ್ಲೊಂದು ಪಾಲು ಇಳಿಯುತ್ತದೆ, ಲೋಡ್ ಕೊಟ್ಟಾಗ ಬಿಸಿಯಾಗುತ್ತದೆ. ತೋಟದ ಪಂಪಿಗೆ ಅದನ್ನು ಜೋಡಿಸುವ ಯೋಚನೆಯಿದ್ದರೆ ವೈಂಡಿಂಗ್ ಖರ್ಚನ್ನೂ ಸೇರಿಸಿಯೇ ಚೌಕಾಸಿ ಮಾಡಿ.